ಸಣ್ಣ ಚಿತ್ರಕ್ಕೆ ನಾಲ್ಕು ವಾರ: ಕಲಾತ್ಮಕ ಚಿತ್ರಮಂದಿರ ನಡೆಸುವ ನನ್ನ ಅನುಭವ

ಒಂದೇ ಪರದೆಯ ಸಣ್ಣ ಕಲಾತ್ಮಕ ಚಿತ್ರಮಂದಿರವೊಂದಕ್ಕೆ ಚಿತ್ರಗಳನ್ನು ಆರಿಸಿ ತರಿಸುವುದು, ವೇಳಾಪಟ್ಟಿ ಹಾಕುವುದು, ಪ್ರದರ್ಶನದ ಹೊತ್ತಿಗೆ ಪ್ರೊಜೆಕ್ಟರ್ ಕೋಣೆಯಲ್ಲೂ ಇರುವುದು ಬಹಳ ವರ್ಷಗಳಿಂದ ನನ್ನ ಕೆಲಸ. ವಿದೇಶಿ ಚಿತ್ರಗಳನ್ನೂ ದೊಡ್ಡ ಸ್ಟುಡಿಯೋಗಳ ಬೆಂಬಲವಿಲ್ಲದ ಸ್ವತಂತ್ರ ಚಿತ್ರಗಳನ್ನೂ ತೋರಿಸುವವರು ಸೇರಿದಲ್ಲೆಲ್ಲ ಆಯ್ಕೆಯ ಬಗ್ಗೆಯೇ ಹೆಚ್ಚು ಮಾತು ನಡೆಯುತ್ತದೆ. ನನ್ನ ಮಟ್ಟಿಗೆ ಆಯ್ಕೆ ಈ ಕೆಲಸದ ಸುಲಭವಾದ ಭಾಗ. ಬರ್ಲಿನ್, ಕಾನ್, ವೆನಿಸ್ ಉತ್ಸವಗಳು ಪ್ರತಿ ವರ್ಷ ತೋರಿಸುವ ಒಳ್ಳೆಯ ಚಿತ್ರಗಳೇ ಒಂದು ಪರದೆಗೆ ಮಿಕ್ಕುವಷ್ಟಿರುತ್ತವೆ. ಆರಿಸಿದ ಚಿತ್ರವನ್ನು ಎಷ್ಟು ವಾರ ಉಳಿಸಿಕೊಳ್ಳಬೇಕು, ವಾರದ ಯಾವ ದಿನ ಯಾವ ಹೊತ್ತಿಗೆ ತೋರಿಸಬೇಕು ಎಂಬುದನ್ನು ತೀರ್ಮಾನಿಸುವುದೇ ಕಷ್ಟ; ಅದರ ಪ್ರೇಕ್ಷಕರು ಅದನ್ನು ತಲುಪುತ್ತಾರೋ ಇಲ್ಲವೋ ಎಂಬುದು ನಿಂತಿರುವುದೂ ಅದರ ಮೇಲೆಯೇ.

ದೊಡ್ಡ ಚಿತ್ರದ ಪ್ರಚಾರ ಬಿಡುಗಡೆಗೆ ಮೊದಲೇ ಮುಗಿದಿರುತ್ತದೆ. ಮೊದಲ ಮೂರು ದಿನಗಳ ಗಳಿಕೆಯೇ ಅದರ ಭವಿಷ್ಯವನ್ನು ಹೇಳಿಬಿಡುತ್ತದೆ. ಹೆಸರು ಕೇಳದ ನಿರ್ದೇಶಕರ, ಪರಿಚಯವಿಲ್ಲದ ಭಾಷೆಯ ಚಿತ್ರಕ್ಕೆ ಪ್ರಚಾರ ಶುರುವಾಗುವುದೇ ಅದನ್ನು ಯಾರಾದರೂ ನೋಡಿದ ಮೇಲೆ. ಶುಕ್ರವಾರ ನೋಡಿದವರು ಸೋಮವಾರ ಸಹೋದ್ಯೋಗಿಗೆ ಹೇಳುತ್ತಾರೆ, ಆ ಸಹೋದ್ಯೋಗಿಗೆ ಬಿಡುವಾಗುವುದು ಮುಂದಿನ ಭಾನುವಾರ, ಅಷ್ಟರಲ್ಲಿ ಚಿತ್ರ ಎತ್ತಂಗಡಿಯಾಗಿರುತ್ತದೆ. ಇದನ್ನು ಮತ್ತೆ ಮತ್ತೆ ಕಂಡ ಮೇಲೆ, ಒಂದೇ ವಾರದಲ್ಲಿ ದಿನಕ್ಕೆ ಎರಡರಂತೆ ನಡೆಯುತ್ತಿದ್ದ ಪ್ರದರ್ಶನಗಳನ್ನು ನಾನು ನಾಲ್ಕು ವಾರಗಳಿಗೆ ಹರಡಿದೆ. ಮೊದಲ ವಾರ ದಿನಕ್ಕೊಂದು ಸಂಜೆಯ ಪ್ರದರ್ಶನ, ಎರಡನೆಯ ವಾರ ಮೂರು ಅಥವಾ ನಾಲ್ಕು, ಆಮೇಲಿನ ಎರಡು ವಾರ ಗೊತ್ತುಪಡಿಸಿದ ದಿನ, ಗೊತ್ತುಪಡಿಸಿದ ಹೊತ್ತಿಗೆ ಒಂದೊಂದು. ಒಟ್ಟು ಪ್ರದರ್ಶನಗಳು ಹೆಚ್ಚಾಗುವುದಿಲ್ಲ, ಬದಲಿಗೆ ಕೊಂಚ ಕಡಿಮೆಯೇ ಆಗುತ್ತವೆ. ಆದರೂ ಮೂರನೆಯ ವಾರದ ಆ ಒಂದೇ ಪ್ರದರ್ಶನಕ್ಕೆ ಮೊದಲ ವಾರದ ಯಾವ ದಿನಕ್ಕಿಂತಲೂ ಹೆಚ್ಚು ಜನ ಬಂದದ್ದನ್ನು ನಾನು ಹಲವು ಚಿತ್ರಗಳಲ್ಲಿ ನೋಡಿದ್ದೇನೆ. ಬಾಯಿಮಾತು ನಡೆದು ಬರಲು ಅಷ್ಟು ಸಮಯ ಬೇಕೇ ಬೇಕು.

ವಿತರಕರನ್ನು ಇದಕ್ಕೆ ಒಪ್ಪಿಸುವುದು ಬೇರೆಯೇ ಕೆಲಸ. ಹೊಸ ಚಿತ್ರ ಕೊಡುವಾಗ ಮೊದಲ ವಾರದ ಎಲ್ಲ ಪ್ರದರ್ಶನಗಳೂ ತಮಗೇ ಬೇಕೆಂದು ಅವರಲ್ಲಿ ಅನೇಕರು ಕೇಳುತ್ತಾರೆ. ಅವರ ದೃಷ್ಟಿಯಿಂದ ಅದು ಅಸಹಜವೇನಲ್ಲ. ನಾನು ವಾದ ಮಾಡುವುದಿಲ್ಲ. ಅದೇ ಬಗೆಯ ಹಿಂದಿನ ಚಿತ್ರಗಳ ದಿನವಾರು ಟಿಕೆಟ್ ಲೆಕ್ಕವನ್ನು ಮುಂದಿಟ್ಟು, ಖಾಲಿ ಸಭಾಂಗಣಕ್ಕೆ ನಡೆಸಿದ ಮಧ್ಯಾಹ್ನದ ಪ್ರದರ್ಶನಗಳಿಂದ ಇಬ್ಬರಿಗೂ ಏನೂ ದಕ್ಕಲಿಲ್ಲವೆಂಬುದನ್ನು ತೋರಿಸುತ್ತೇನೆ. ಒಪ್ಪಂದ ಸಾಮಾನ್ಯವಾಗಿ ಟಿಕೆಟ್ ಆದಾಯದಲ್ಲಿ ಪಾಲಿನ ಮೇಲೆ, ಜೊತೆಗೆ ಇಷ್ಟಕ್ಕಿಂತ ಕಡಿಮೆಯಾಗಬಾರದೆಂಬ ಕನಿಷ್ಠ ಮೊತ್ತದ ಮೇಲೆ ನಡೆಯುತ್ತದೆ. ಹಳೆಯ ಚಿತ್ರದ ಒಂದೆರಡು ಪ್ರದರ್ಶನಗಳಿಗಾದರೆ ನಿಗದಿತ ಶುಲ್ಕ ಕೊಟ್ಟು ಮುಗಿಸಬಹುದು. ವಿತರಕರೇ ಇಲ್ಲದ ಸ್ವತಂತ್ರ ಚಿತ್ರಗಳಿಗೆ ನಾನು ನಿರ್ದೇಶಕರಿಗೋ ನಿರ್ಮಾಪಕರಿಗೋ ನೇರವಾಗಿ ಬರೆಯುತ್ತೇನೆ. ಹೀಗೆ ಬರೆಯುವಾಗ ಎಷ್ಟು ಪ್ರದರ್ಶನ, ಯಾವ ದಿನ, ಎಷ್ಟು ಹಣ, ಯಾವಾಗ ಪಾವತಿ ಎಂಬ ನಾಲ್ಕನ್ನೂ ಮೊದಲ ಪತ್ರದಲ್ಲೇ ತಿಳಿಸಿದರೆ ಉತ್ತರ ಬೇಗ ಬರುತ್ತದೆ. ಅಂಗಡಿಯಲ್ಲಿ ಕೊಂಡ ಡಿಸ್ಕ್ ಮನೆಯಲ್ಲಿ ನೋಡುವುದಕ್ಕೆ ಮಾತ್ರ. ಅದರಿಂದ ಸಾರ್ವಜನಿಕ ಪ್ರದರ್ಶನದ ಹಕ್ಕು ಬರುವುದಿಲ್ಲ.

ಉದ್ದದ ಚಿತ್ರಗಳಿಗೆ ಹೊತ್ತು ಹೊಂದಿಸುವಾಗ ಬಹಳ ಯೋಚಿಸಬೇಕಾಗುತ್ತದೆ. ಶಾಂತಾಲ್ ಆಕರ್ಮನ್ 1975ರಲ್ಲಿ ಮಾಡಿದ, ಒಬ್ಬ ಗೃಹಿಣಿಯ ಮೂರು ದಿನಗಳನ್ನು ತೋರಿಸುವ 'ಜಾನ್ ಡೀಲ್ಮನ್' ಚಿತ್ರದ ಅವಧಿ 201 ನಿಮಿಷ. ಅದು ಎರಡು ಪ್ರದರ್ಶನಗಳ ಜಾಗವನ್ನು ತಿನ್ನುತ್ತದೆ, ಕೆಲಸ ಮುಗಿಸಿ ದಣಿದು ಬಂದವರಿಂದ ಅದನ್ನು ಪೂರ್ತಿ ನೋಡುವುದು ಆಗುವುದಿಲ್ಲ. ಇಂಥವಕ್ಕೆ ನಾನು ಭಾನುವಾರ ಮಧ್ಯಾಹ್ನವನ್ನೇ ಕಾಯ್ದಿರಿಸುತ್ತೇನೆ, ಅವಧಿಯನ್ನು ಫಲಕದ ಮೇಲೆ ಚಿತ್ರದ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಬರೆಸುತ್ತೇನೆ, ನಡುವೆ ವಿರಾಮ ಇರುವುದಿಲ್ಲವೆಂದು ಟಿಕೆಟ್ ಕೊಡುವಾಗಲೇ ಹೇಳಿಸುತ್ತೇನೆ. ಮೂರು ಗಂಟೆಗೂ ಮಿಕ್ಕಿ ಕೂರಬೇಕೆಂದು ತಿಳಿದೇ ಬಂದವರು ಎದ್ದು ಹೋಗುವುದು ಅಪರೂಪ. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ನಡೆಸುವ ವಿಮರ್ಶಕರ ಮತದಾನದಲ್ಲಿ ಈ ಚಿತ್ರ ಮೊದಲ ಸ್ಥಾನಕ್ಕೆ ಬಂದದ್ದು 2022ರಲ್ಲಿ, ಅಂದರೆ ತೆರೆಕಂಡು 47 ವರ್ಷಗಳಾದ ಮೇಲೆ. ಅಷ್ಟು ಕಾಲ ಅದು ಜನರ ನೆನಪಿನಲ್ಲಿ ಉಳಿಯಲು ಅದನ್ನು ಬಿಡದೆ ತೋರಿಸುತ್ತಾ ಬಂದ ಸಣ್ಣ ಚಿತ್ರಮಂದಿರಗಳ, ಚಿತ್ರ ಸಮಾಜಗಳ ಪಾಲು ದೊಡ್ಡದೆಂದು ನಾನು ನಂಬಿದ್ದೇನೆ.

ಇನ್ನು ತಾಂತ್ರಿಕ ಸಿದ್ಧತೆ. ಈಗ ಚಿತ್ರಗಳು ಬರುವುದು ಡಿಸಿಪಿ ಎಂಬ ಡಿಜಿಟಲ್ ರೂಪದಲ್ಲಿ, ಹಾರ್ಡ್‌ಡಿಸ್ಕ್‌ನಲ್ಲಿ ಅಥವಾ ಅಂತರ್ಜಾಲದ ಮೂಲಕ. ಕಡತದ ಹೆಸರನ್ನು ಓದುವುದರಿಂದಲೇ ನನ್ನ ಪರೀಕ್ಷೆ ಶುರುವಾಗುತ್ತದೆ. ಅದರಲ್ಲಿ 'ಎಫ್' ಎಂದಿದ್ದರೆ 1.85 ಅನುಪಾತದ (ಅಂದರೆ ಅಗಲ ಎತ್ತರದ 1.85 ಪಟ್ಟು) ಫ್ಲಾಟ್ ಚೌಕಟ್ಟು, 'ಎಸ್' ಎಂದಿದ್ದರೆ 2.39ರ ಸ್ಕೋಪ್ ಚೌಕಟ್ಟು. ಮುಂದೆ ಮಾತಿನ ಭಾಷೆಯ ಸಂಕೇತ, ಅದರ ಪಕ್ಕದಲ್ಲಿ ಸಬ್‌ಟೈಟಲ್ ಭಾಷೆಯ ಸಂಕೇತ. ಎರಡನೆಯ ಜಾಗದಲ್ಲಿ 'ಎಕ್ಸ್‌ಎಕ್ಸ್' ಎಂದಿದ್ದರೆ ಸಬ್‌ಟೈಟಲ್ ಇಲ್ಲವೆಂದೇ ಅರ್ಥ, ವಿದೇಶಿ ಚಿತ್ರದ ಮಟ್ಟಿಗೆ ಅಂದೇ ವಿತರಕರಿಗೆ ಫೋನ್ ಮಾಡಬೇಕು. ಕೆಲವೊಮ್ಮೆ ಸಬ್‌ಟೈಟಲ್ ಇರುವ ಪೂರಕ ಕಡತ ಮಾತ್ರ ಬಂದಿರುತ್ತದೆ. ಅದಕ್ಕೆ ಆಧಾರವಾದ ಮೂಲ ಕಡತವೂ ಪ್ರೊಜೆಕ್ಟರಿಗೆ ಚಿತ್ರ ಒದಗಿಸುವ ಸರ್ವರಿನಲ್ಲಿ ಇಲ್ಲದಿದ್ದರೆ ಚಿತ್ರ ಓಡುವುದಿಲ್ಲ.

ಹೆಸರು ಸರಿಯಿದ್ದರೂ ಪರದೆಯ ಮೇಲೆ ನೋಡದೆ ನಾನು ಯಾವ ಚಿತ್ರವನ್ನೂ ಪ್ರೇಕ್ಷಕರ ಮುಂದಿಡುವುದಿಲ್ಲ. ಹಳೆಯ ಚಿತ್ರಗಳ, ಇತ್ತೀಚಿನ ಕೆಲವು ಸ್ವತಂತ್ರ ಚಿತ್ರಗಳ ಅನುಪಾತ 1.37. ಅವು ಫ್ಲಾಟ್ ಚೌಕಟ್ಟಿನ ನಡುವೆ ಕುಳಿತು ಎರಡೂ ಪಕ್ಕದಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ. ಪ್ರೊಜೆಕ್ಟರ್ ಬೀಳಿಸುವ ಕಪ್ಪು ನಿಜವಾದ ಕಪ್ಪಲ್ಲ, ಕತ್ತಲಲ್ಲಿ ಅದು ಬೂದು ಬಣ್ಣಕ್ಕೆ ತಿರುಗಿ ಕಾಣುತ್ತದೆ. ಪಕ್ಕದ ಕಪ್ಪು ಬಟ್ಟೆಯನ್ನು ಬಿಂಬದ ಅಂಚಿಗೆ ಸರಿಯಾಗಿ ಎಳೆದಾಗ ಮಾತ್ರ ಚಿತ್ರ ತನ್ನ ಆಕಾರದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಪಾವ್ಲಿಕೋವ್‌ಸ್ಕಿಯವರ 'ಇಡಾ' (2013) ಈ ಅನುಪಾತದಲ್ಲೇ ಇದೆ. ಅದರ ಎಷ್ಟೋ ದೃಶ್ಯಗಳಲ್ಲಿ ಪಾತ್ರಗಳ ಮುಖ ಚೌಕಟ್ಟಿನ ತೀರಾ ಕೆಳಗಿದ್ದು ಮೇಲೆಲ್ಲ ಬರಿಯ ಗೋಡೆಯೋ ಆಕಾಶವೋ ಇರುತ್ತದೆ. ಅಂಥ ಚಿತ್ರದಲ್ಲಿ ಕೆಳಗಿನ ಅಂಚು ಕೊಂಚ ಕತ್ತರಿಸಿಹೋದರೂ ನಿರ್ದೇಶಕರ ಇಡೀ ಆಲೋಚನೆಯೇ ಕೆಡುತ್ತದೆ. ಆದ್ದರಿಂದ ನಾನು ಮೊದಲ ಹತ್ತು ನಿಮಿಷ, ನಡುವಿನ ಒಂದು ಕತ್ತಲ ದೃಶ್ಯ, ಮಾತು ದಟ್ಟವಾಗಿರುವ ಒಂದು ದೃಶ್ಯ, ಕೊನೆಯ ರೀಲು, ಇಷ್ಟನ್ನು ಹಿಂದಿನ ಸಾಲಿನಲ್ಲೂ ಪಕ್ಕದ ಆಸನದಲ್ಲೂ ಕೂತು ನೋಡುತ್ತೇನೆ. ಹಿಮದ ಮೇಲೆ, ಬಿಳಿ ಗೋಡೆಯ ಮೇಲೆ ಬಿಳಿ ಅಕ್ಷರ ಓದಲಾಗುತ್ತದೆಯೇ ಎಂಬುದು ಅಲ್ಲಿಂದಲೇ ತಿಳಿಯುವುದು.

ಈ ಪರೀಕ್ಷೆಗೆ ದೊಡ್ಡ ಅಡ್ಡಿ ಕೆಡಿಎಂ ಎಂಬ ಡಿಜಿಟಲ್ ಕೀಲಿ. ಅದನ್ನು ನಮ್ಮ ಸರ್ವರಿಗೆಂದೇ ತಯಾರಿಸಿರುತ್ತಾರೆ, ಅದರಲ್ಲಿ ಬರೆದ ಆರಂಭದ ಹೊತ್ತಿಗೆ ಮೊದಲು ಅದು ತೆರೆಯುವುದಿಲ್ಲ. ಶುಕ್ರವಾರ ಸಂಜೆಯ ಪ್ರದರ್ಶನಕ್ಕೆ ಕೀಲಿ ಶುಕ್ರವಾರ ಮಧ್ಯಾಹ್ನ ತೆರೆದರೆ ಪರೀಕ್ಷೆಗೆ ಸಮಯವೆಲ್ಲಿ? ನಾನು ಒಪ್ಪಂದದಲ್ಲೇ ಎರಡು ದಿನ ಮುಂಚಿತವಾಗಿ ತೆರೆಯುವ, ಕೊನೆಯ ಪ್ರದರ್ಶನದ ಮರುದಿನ ಬೆಳಗಿನವರೆಗೆ ನಡೆಯುವ ಕೀಲಿಯನ್ನು ಕೇಳುತ್ತೇನೆ. ನಾಲ್ಕು ವಾರಗಳ ಪದ್ಧತಿಯಲ್ಲಿ ಇದಕ್ಕೆ ಇನ್ನೊಂದು ಪ್ರಯೋಜನವಿದೆ: ಪೂರ್ತಿ ಅವಧಿಗೆ ಒಂದೇ ಕೀಲಿ ಇದ್ದರೆ ಪ್ರತಿ ವಾರ ಹೊಸದಕ್ಕೆ ಕಾಯಬೇಕಿಲ್ಲ.

ಅಪರೂಪಕ್ಕೆ ಚಿತ್ರ ಸಂಗ್ರಹಾಲಯದಿಂದ 35 ಮಿಲಿಮೀಟರ್ ಪ್ರತಿ ಬರುತ್ತದೆ. 2000 ಅಡಿಯ ಒಂದು ರೀಲು ಹೆಚ್ಚೆಂದರೆ 22 ನಿಮಿಷ ನಡೆಯುತ್ತದೆ. ಬಿಂಬದ ಬಲ ಮೇಲಂಚಿನಲ್ಲಿ ಮಿನುಗುವ ಗುರುತು ನೋಡಿ ಎರಡನೆಯ ಪ್ರೊಜೆಕ್ಟರಿಗೆ ಬದಲಾಯಿಸಬೇಕು. ಈ ಬದಲಾವಣೆ ತಪ್ಪಿಸಲೆಂದು ರೀಲುಗಳನ್ನು ಕತ್ತರಿಸಿ ಒಂದಕ್ಕೊಂದು ಅಂಟಿಸಲು ಸಂಗ್ರಹಾಲಯದವರು ಒಪ್ಪುವುದಿಲ್ಲ, ಒಪ್ಪಲೂ ಬಾರದು.

ಟಿಕೆಟ್ ಕಿಟಕಿಯಲ್ಲಿ ಕೂರುವವರು ಚಿತ್ರವನ್ನು ನೋಡಿರಲೇಬೇಕೆಂಬುದು ನಮ್ಮಲ್ಲಿ ನಿಯಮ. 'ಇದು ಹೇಗಿದೆ?' ಎಂದು ಕೇಳಿದವರಿಗೆ ಪ್ರಶಸ್ತಿಗಳ ಪಟ್ಟಿಯನ್ನು ಓದಿ ಹೇಳಿದರೆ ಏನೂ ತಿಳಿಯುವುದಿಲ್ಲ. ನಿಧಾನವಾಗಿ ಸಾಗುತ್ತದೆ, ಮಾತು ಕಡಿಮೆ, ಒಂದು ದೃಶ್ಯ ಮನಸ್ಸಿಗೆ ಕಷ್ಟವಾಗಬಹುದು ಎಂದು ನೋಡಿದವರು ಹೇಳಿದರೆ ಅವರು ತಾವೇ ತೀರ್ಮಾನಿಸುತ್ತಾರೆ. ಸಭಾಂಗಣದ ಮುಂಭಾಗದ ನೆಲ ಸಮತಟ್ಟಾಗಿರುವುದರಿಂದ ಅಲ್ಲಿ ಮುಂದಿನವರ ತಲೆ ಸಬ್‌ಟೈಟಲ್‌ಗೆ ಅಡ್ಡ ಬರುತ್ತದೆ. ಹಾಗಾಗಿ ಮೆಟ್ಟಿಲುಸಾಲಿನ ಆಸನಗಳನ್ನು ಮೊದಲು ಕೊಡುತ್ತೇವೆ. ಕೊನೆಯ ಹೆಸರು ಪರದೆಯಿಂದ ಸರಿಯುವವರೆಗೂ ದೀಪ ಹಾಕುವುದಿಲ್ಲ. ಸಣ್ಣ ಚಿತ್ರಕ್ಕೆ ದುಡಿದವರಲ್ಲಿ ಬಹಳಷ್ಟು ಮಂದಿಯ ಹೆಸರು ಪ್ರೇಕ್ಷಕರಿಗೆ ಸಿಗುವುದು ಅಲ್ಲಿ ಮಾತ್ರ.

ನಾಲ್ಕನೆಯ ವಾರ ಮುಗಿದ ಮೇಲೆ ದಿನ, ಹೊತ್ತು, ಪ್ರೇಕ್ಷಕರ ಸಂಖ್ಯೆ, ಅಂದಿನ ಮಳೆ ಬಿಸಿಲು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ವಿತರಕರಿಗೂ ನಿರ್ದೇಶಕರಿಗೂ ಪಾವತಿಯ ಜೊತೆಗೇ ಕಳಿಸುತ್ತೇನೆ. ಮುಂದಿನ ಚಿತ್ರಕ್ಕಾಗಿ ಬರೆಯುವ ಪತ್ರಕ್ಕೆ ಇದೇ ಹಾಳೆಯ ಪ್ರತಿಯನ್ನು ಲಗತ್ತಿಸುತ್ತೇನೆ. ಮೊದಲ ಸಲ ಎಲ್ಲ ಪ್ರದರ್ಶನಗಳನ್ನೂ ಕೇಳಿದ ವಿತರಕರಲ್ಲಿ ಕೆಲವರು ಈಗ ತಾವಾಗಿಯೇ ನಾಲ್ಕು ವಾರಗಳ ಕೀಲಿಯನ್ನು ಕಳಿಸುತ್ತಿದ್ದಾರೆ.