ಹಳೆ ಡೊಮೇನ್ ಬಿಡಬೇಡಿ, ಹೊಸದಕ್ಕೆ ತಿರುಗಿಸಿ

2014ರ ನವೆಂಬರ್ 1ರಂದು ಮೈಸೂರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿತು. ಕೊನೆಯಲ್ಲಿದ್ದ ಓ-ಆರ್-ಇ ಹೋಗಿ ಯು-ಆರ್-ಯು ಬಂತು. ಅಂಗಡಿ ಬೋರ್ಡ್ ಆದರೆ ಪೇಂಟರ್ ಕರೆಸಿ ಬರೆಸಿದರೆ ಮುಗಿಯಿತು. ವೆಬ್‌ಸೈಟ್ ಇದ್ದವರ ಕಷ್ಟ ಬೇರೆ. ಅಗರಬತ್ತಿ ಪ್ಯಾಕೆಟ್ ಮೇಲೆ, ವಿಸಿಟಿಂಗ್ ಕಾರ್ಡ್ ಮೇಲೆ, ಹಳೆ ಗಿರಾಕಿಗಳ ಫೋನಿನಲ್ಲಿ ಹಳೆ ಸ್ಪೆಲ್ಲಿಂಗೇ ಕೂತಿದೆ. ಹೊಸಬರು ಹೊಸ ಸ್ಪೆಲ್ಲಿಂಗ್ ಟೈಪ್ ಮಾಡುತ್ತಾರೆ. ಎರಡು ಡೊಮೇನ್‌ಗಳಲ್ಲಿ, ಅಂದರೆ ಸೈಟಿನ ವಿಳಾಸದ ಹೆಸರುಗಳಲ್ಲಿ, ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಕೇಳಿದರೆ, ಎರಡನ್ನೂ ಅನ್ನುತ್ತೇನೆ. ವೆಬ್‌ಸೈಟ್ ಒಂದರಲ್ಲಿರಲಿ. ಇನ್ನೊಂದನ್ನು ಟೈಪ್ ಮಾಡಿದವರು ತಾನಾಗಿ ಅಲ್ಲಿಗೇ ಬರಲಿ. ಇದೇ ರೀಡೈರೆಕ್ಟ್.

ಯಾರ‍್ಯಾರು, ಯಾಕೆ ತಿರುಗಿಸುತ್ತಾರೆ?

ಹೆಸರು ಬದಲಾಗುವುದೇ ಮುಖ್ಯ ಕಾರಣ. ಟ್ವಿಟರ್ 2023ರಲ್ಲಿ ಎಕ್ಸ್ ಆಯಿತು. ಆಗ ಎಕ್ಸ್ ಡಾಟ್ ಕಾಂ ಟೈಪ್ ಮಾಡಿದರೆ ಟ್ವಿಟರ್ ಡಾಟ್ ಕಾಂ ತೆರೆಯುತ್ತಿತ್ತು. 2024ರ ಮೇನಲ್ಲಿ ಅದು ತಿರುವುಮುರುವಾಯಿತು. ನಮಗೆ ಇನ್ನೂ ಹತ್ತಿರದ ಉದಾಹರಣೆ ಬ್ಯಾಂಕುಗಳದ್ದು. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ 'ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವ ವಿಳಾಸಕ್ಕೆ ಬರಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಈ ಬಾಲ ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ, ಹಾಗಾಗಿ ನಕಲಿ ಸೈಟು ಗುರುತಿಸುವುದು ಸುಲಭ. ಆದರೆ ಕೋಟಿಗಟ್ಟಲೆ ಜನ ಹಳೆ ವಿಳಾಸವನ್ನೇ ಬುಕ್‌ಮಾರ್ಕ್ ಮಾಡಿಕೊಂಡಿರುತ್ತಾರೆ. ಅವರನ್ನು ಹೊಸ ಜಾಗಕ್ಕೆ ತರಲು ರೀಡೈರೆಕ್ಟ್ ಬಿಟ್ಟರೆ ದಾರಿಯಿಲ್ಲ.

ಎರಡನೆಯದು ಟೈಪಿಂಗ್ ತಪ್ಪು. ಗೂಗಲ್ ಕಂಪನಿ ಒಂದು 'ಓ' ಬಿಟ್ಟುಹೋದ ಹೆಸರನ್ನೂ ತಾನೇ ಕೊಂಡು, ಅಸಲಿ ಸೈಟಿಗೆ ತಿರುಗಿಸಿದೆ. ನಮ್ಮ ಊರುಗಳ ಹೆಸರಿಗೆ ಇದು ಜಾಸ್ತಿ ಅನ್ವಯಿಸುತ್ತದೆ. ಶ್ರೀರಂಗಪಟ್ಟಣದಲ್ಲಿ ಹೋಂಸ್ಟೇ ನಡೆಸುವವರು ಯೋಚಿಸಿ. 'ಶ್ರೀ'ಗೆ ಎಚ್ ಹಾಕುವವರಿದ್ದಾರೆ, ಬಿಡುವವರಿದ್ದಾರೆ. ಟಿ ಒಂದೋ ಎರಡೋ, ಪಟ್ನವೋ ಪಟ್ಟಣವೋ? ಎಲ್ಲವನ್ನೂ ಕೊಳ್ಳಲು ಹೋಗಬೇಡಿ, ದುಡ್ಡು ದಂಡ. ಜನ ಹೆಚ್ಚಾಗಿ ಬರೆಯುವ ಎರಡು ಸಾಕು. ಡಾಟ್ ಕಾಂ ಇದ್ದವರು ಡಾಟ್ ಇನ್ ಕೂಡ ಇಟ್ಟುಕೊಳ್ಳುವುದು ಒಳ್ಳೆಯದು. ಡಾಟ್ ಭಾರತ ಎಂದು ಪೂರ್ತಿ ಕನ್ನಡ ಲಿಪಿಯಲ್ಲೂ ಡೊಮೇನ್ ಸಿಗುತ್ತದೆ. ಅದನ್ನು ತೆಗೆದುಕೊಂಡು ಮುಖ್ಯ ಸೈಟಿಗೆ ತಿರುಗಿಸಿದರೆ ಚೆಂದ.

ಚಿಕ್ಕ ಹೆಸರಿಗೂ ಬೆಲೆಯಿದೆ. ಎಫ್‌ಬಿ ಡಾಟ್ ಕಾಂ ಎಂಬ ಎರಡಕ್ಷರಕ್ಕಾಗಿ ಫೇಸ್‌ಬುಕ್ 2010ರಲ್ಲಿ ಅಮೆರಿಕದ ರೈತರ ಸಂಘಟನೆಯೊಂದಕ್ಕೆ 85 ಲಕ್ಷ ಡಾಲರ್ ಕೊಟ್ಟಿತು. ಹೆಸರನ್ನೇ ವ್ಯಾಪಾರ ಮಾಡುವವರೂ ಇದ್ದಾರೆ. ಎಐ ಡಾಟ್ ಕಾಂ 2023ರ ಫೆಬ್ರವರಿಯಲ್ಲಿ ಚಾಟ್‌ಜಿಪಿಟಿಗೆ ಹೋಗುತ್ತಿತ್ತು. ಅದೇ ವರ್ಷ ಎಲಾನ್ ಮಸ್ಕ್ ಅವರ ಎಕ್ಸ್‌ಎಐಗೆ ತಿರುಗಿತು. 2025ರಲ್ಲಿ ಡೀಪ್‌ಸೀಕ್ ಎಂಬ ಚೀನಾದ ಎಐ ಕಡೆ. ಪ್ರತಿ ಸಲವೂ ಅದು ಸುದ್ದಿಯಾಯಿತು. ಮಾರಾಟಕ್ಕಿರುವ ಹೆಸರಿಗೆ ಇದಕ್ಕಿಂತ ಅಗ್ಗದ ಜಾಹೀರಾತು ಇದೆಯಾ?

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ನಿಮ್ಮ ಡೊಮೇನನ್ನು ಯಾರ ಸೈಟಿಗೆ ಬೇಕಾದರೂ ತಿರುಗಿಸಬಹುದು, ಅವರ ಒಪ್ಪಿಗೆ ಬೇಡ. 2015ರ ಡಿಸೆಂಬರ್‌ನಲ್ಲಿ ಅಮೆರಿಕದ ರಾಜಕಾರಣಿ ಜೆಬ್ ಬುಷ್ ಹೆಸರಿನ ಡಾಟ್ ಕಾಂ ತೆರೆದವರಿಗೆ ಡೊನಾಲ್ಡ್ ಟ್ರಂಪ್ ಅವರ ಪ್ರಚಾರದ ಸೈಟು ಕಾಣಿಸಿತು. ಇಬ್ಬರೂ ಆಗ ಅಧ್ಯಕ್ಷ ಚುನಾವಣೆಗೆ ಒಂದೇ ಪಕ್ಷದ ಟಿಕೆಟ್‌ಗೆ ಸೆಣಸುತ್ತಿದ್ದರು. ಹಾಗಾಗಿ 'ಈ ಹೆಸರು ಟೈಪ್ ಮಾಡಿದರೆ ಆ ಸೈಟು ಬರುತ್ತೆ ನೋಡಿ, ಇಬ್ಬರೂ ಒಂದೇ' ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ನಂಬಬೇಡಿ. ಅದರಿಂದ ಏನೂ ಸಾಬೀತಾಗುವುದಿಲ್ಲ.

ಈಗ ಕೆಲಸಕ್ಕೆ ಇಳಿಯೋಣ

ಮೊದಲು ತೀರ್ಮಾನಿಸಬೇಕಾದದ್ದು: ಇದು ಶಾಶ್ವತವೋ, ಸದ್ಯಕ್ಕೋ? ಶಾಶ್ವತಕ್ಕೆ 301, ತಾತ್ಕಾಲಿಕಕ್ಕೆ 302. ಸರ್ವರ್, ಅಂದರೆ ಸೈಟು ಇರುವ ಕಂಪ್ಯೂಟರ್, ಬ್ರೌಸರಿಗೆ ಕೊಡುವ ಉತ್ತರದ ಸಂಖ್ಯೆಗಳಿವು. ರೇಷ್ಮೆ ಸೀರೆ ಅಂಗಡಿಯವರು ದಸರಾ ಮುಗಿಯುವವರೆಗೆ ಮಾತ್ರ ಮುಖಪುಟದ ಬದಲು ಆಫರ್ ಪುಟ ತೋರಿಸಬೇಕೆಂದರೆ 302. ಊರಿನ ಸ್ಪೆಲ್ಲಿಂಗ್ ಬದಲಾದ್ದಕ್ಕೆ 301. ಅದಲುಬದಲು ಮಾಡಿದರೆ ಪೇಚು. 301 ಅನ್ನು ಬ್ರೌಸರ್ ನೆನಪಿಟ್ಟುಕೊಳ್ಳುತ್ತದೆ. ಜಂಬೂಸವಾರಿ ಮುಗಿದು ವಾರಗಳಾದರೂ ಕೆಲವರಿಗೆ ದಸರಾ ಆಫರ್ ಪುಟವೇ ತೆರೆಯುತ್ತಿರುತ್ತದೆ. ಗೂಗಲ್ ಕೂಡ 301 ಕಂಡರೆ ಹಳೆ ವಿಳಾಸ ಗಳಿಸಿದ ಹೆಸರನ್ನೆಲ್ಲ ಹೊಸದಕ್ಕೆ ದಾಟಿಸುತ್ತದೆ.

ಮುಂದಿನದು, ಎಲ್ಲಿ ಹಾಕುವುದು? ಡಿಎನ್‌ಎಸ್‌ನಲ್ಲಿ (ಡೊಮೇನ್‌ಗಳ ವಿಳಾಸ ಪುಸ್ತಕವಿದ್ದಂತೆ) ಹೊಸ ಸೈಟಿನ ಹೆಸರು ಬರೆದರೆ ಆಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಡಿಎನ್‌ಎಸ್ ಯಾವ ಸರ್ವರಿಗೆ ಹೋಗಬೇಕು ಅಂತ ಮಾತ್ರ ಹೇಳುತ್ತದೆ. ಆ ಸರ್ವರಿಗೆ ನಿಮ್ಮ ಹಳೆ ಹೆಸರಿನ ಪರಿಚಯವೇ ಇಲ್ಲದಿದ್ದರೆ ಎರರ್ ಬರುತ್ತದೆ. ತಿರುಗಿಸುವ ಕೆಲಸ ವೆಬ್ ಸರ್ವರಿನದ್ದು. ನಿಮಗೆ ಹೋಸ್ಟಿಂಗ್, ಅಂದರೆ ಸೈಟು ಇಡಲು ಸರ್ವರಿನಲ್ಲಿ ಜಾಗ, ಇಲ್ಲದಿದ್ದರೂ ಚಿಂತೆಯಿಲ್ಲ, ಡೊಮೇನ್ ಮಾರಿದ ಕಂಪನಿಯಲ್ಲಿರುವ ನಿಮ್ಮ ಖಾತೆಯಲ್ಲಿ 'ಫಾರ್ವರ್ಡಿಂಗ್' ಎಂಬ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ಅಲ್ಲಿ ಹೊಸ ವಿಳಾಸವನ್ನು ಮೊದಲಿಗೆ ಬರುವ ಎಚ್‌ಟಿಟಿಪಿಎಸ್ ಸಮೇತ ಬರೆಯಿರಿ. 'ಪರ್ಮನೆಂಟ್' ಆರಿಸಿ. ಸೇವ್ ಮಾಡಿ. ನೇಮ್ ಸರ್ವರುಗಳನ್ನು (ಡೊಮೇನಿನ ಡಿಎನ್‌ಎಸ್ ವಿವರ ಇಟ್ಟುಕೊಂಡಿರುವ ಸರ್ವರುಗಳು) ಬೇರೆ ಕಂಪನಿಗೆ ಬದಲಿಸಿದ್ದರೆ ಇಲ್ಲಿ ಹಾಕಿದ್ದು ನಡೆಯುವುದಿಲ್ಲ. ಆಗ ಆ ಕಂಪನಿಯ ಖಾತೆಗೇ ಹೋಗಿ ಮಾಡಬೇಕು.

ಅಲ್ಲೇ 'ಮಾಸ್ಕಿಂಗ್' ಅಂತ ಇನ್ನೊಂದು ಗುಂಡಿ ಕಾಣಿಸಬಹುದು. ಅದನ್ನು ಆರಿಸಿದರೆ ಹೊಸ ಸೈಟು ತೆರೆದರೂ ಮೇಲೆ ಹಳೆ ವಿಳಾಸವೇ ಉಳಿಯುತ್ತದೆ. ನೋಡಲು ಜಾಣತನದಂತಿದೆ, ಆದರೆ ಮುಟ್ಟಬೇಡಿ. ಅದು ಒಂದು ಪುಟದೊಳಗೆ ಇನ್ನೊಂದು ಪುಟ ತುರುಕುವ ಕೆಲಸ. ಫೋನಿನಲ್ಲಿ ಅಳತೆ ಕೆಡುತ್ತದೆ. ಹಣ ಕಟ್ಟುವ ಪುಟಗಳು ಎಷ್ಟೋ ಸಲ ತೆರೆಯುವುದೇ ಇಲ್ಲ.

ಹಳೆ ಸೈಟಿನಲ್ಲಿ ಹತ್ತಾರು ಪುಟಗಳಿದ್ದರೆ ಎಲ್ಲವನ್ನೂ ಹೊಸ ಮುಖಪುಟಕ್ಕೆ ತಂದು ಸುರಿಯಬೇಡಿ. ಮಂಡ್ಯದ ಬೆಲ್ಲ ಮಾರುವ ಸೈಟಿನಲ್ಲಿ ಪುಡಿ ಬೆಲ್ಲದ ಪುಟ ಹುಡುಕಿಕೊಂಡು ಬಂದವರು ಪುಡಿ ಬೆಲ್ಲದ ಪುಟಕ್ಕೇ ಹೋಗಬೇಕು. ಮುಖಪುಟದಲ್ಲಿ ಬಿಟ್ಟರೆ ಎಷ್ಟೋ ಜನ ವಾಪಸ್ ಹೋಗುತ್ತಾರೆ. ಗೂಗಲ್ ಕೂಡ ಅಂಥ ಪುಟಗಳನ್ನು ಇಲ್ಲವಾದವು ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಒಂದು ಹಾಳೆಯಲ್ಲಿ ಎಡಕ್ಕೆ ಹಳೆ ಪುಟ, ಬಲಕ್ಕೆ ಹೊಸ ಪುಟ ಬರೆದುಕೊಂಡು ಕೂತರೆ ಒಂದು ಸಂಜೆಯ ಕೆಲಸ.

ಜನ ಮರೆಯುವ ಎರಡು ವಿಷಯ. ಒಂದು, ಹಳೆ ಹೆಸರಿಗೂ ಎಸ್‌ಎಸ್‌ಎಲ್ ಸರ್ಟಿಫಿಕೇಟ್ (ಎಚ್‌ಟಿಟಿಪಿಎಸ್‌ಗೆ ಬೇಕಾದ ಪ್ರಮಾಣಪತ್ರ) ಬೇಕು. ಇಲ್ಲದಿದ್ದರೆ ತಿರುಗುವ ಮೊದಲೇ 'ಈ ಸೈಟು ಸುರಕ್ಷಿತವಲ್ಲ' ಎಂದು ಬ್ರೌಸರ್ ಹೆದರಿಸುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯಲ್ಲಿ ಇದು ಉಚಿತ. ಇನ್ನೊಂದು ಇಮೇಲ್. ಹಳೆ ಡೊಮೇನಿನ ಮೇಲ್ ಐಡಿ ಬಳಸುತ್ತಿದ್ದರೆ ಡಿಎನ್‌ಎಸ್‌ನಲ್ಲಿ ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ರೆಕಾರ್ಡ್ ಮುಟ್ಟಬೇಡಿ. ವೆಬ್‌ಸೈಟ್ ತಿರುಗಿಸುವ ಭರದಲ್ಲಿ ಅದನ್ನು ಅಳಿಸಿದರೆ ಆರ್ಡರ್ ಮೇಲ್‌ಗಳು ಬರುವುದೇ ನಿಲ್ಲುತ್ತವೆ.

ಎಲ್ಲ ಆದಮೇಲೆ ಇನ್‌ಕಾಗ್ನಿಟೋ ವಿಂಡೋದಲ್ಲಿ ಪರೀಕ್ಷಿಸಿ, ಮಾಮೂಲಿ ವಿಂಡೋ ಹಳೆಯದನ್ನೇ ನೆನಪಿಟ್ಟು ಮೋಸ ಮಾಡುತ್ತದೆ. ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಹಾಕಿ, ಹಾಕದೆ, ಎಚ್‌ಟಿಟಿಪಿಯಲ್ಲಿ, ಎಚ್‌ಟಿಟಿಪಿಎಸ್‌ನಲ್ಲಿ ಹೀಗೆ ನಾಲ್ಕೂ ಬಗೆಯಲ್ಲಿ ನೋಡಿ. ನಾಲ್ಕೂ ಒಂದೇ ನೆಗೆತಕ್ಕೆ ಹೊಸ ಸೈಟಿಗೆ ಬರಬೇಕು. ಒಂದರಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಅಂತ ಸುತ್ತಿಸಿದರೆ ಸೈಟು ನಿಧಾನವಾಗುತ್ತದೆ.

ಆಮೇಲೆ ಸೈಟಿನ ಮಾಲೀಕರಿಗಾಗಿ ಇರುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಎರಡೂ ಡೊಮೇನ್ ಸೇರಿಸಿ, 'ವಿಳಾಸ ಬದಲಾವಣೆ' ಎಂಬ ಸೌಲಭ್ಯದಲ್ಲಿ ತಿಳಿಸಿ. ಮ್ಯಾಪ್ಸ್‌ನಲ್ಲಿರುವ ಅಂಗಡಿಯ ಲಿಂಕನ್ನೂ ಬದಲಿಸಿ.

ಎಷ್ಟು ದಿನ ಇಟ್ಟುಕೊಳ್ಳಬೇಕು?

ಕಡಿಮೆ ಎಂದರೂ ಒಂದು ವರ್ಷ ಅನ್ನುತ್ತದೆ ಗೂಗಲ್. ನನ್ನ ಪ್ರಕಾರ ವ್ಯಾಪಾರ ಇರುವಷ್ಟು ಕಾಲ. ಡಾಟ್ ಕಾಂ ನವೀಕರಣಕ್ಕೆ ವರ್ಷಕ್ಕೆ ತಗಲುವ ಖರ್ಚು ಹೆಚ್ಚೇನಿಲ್ಲ. ಬಿಟ್ಟರೆ ಏನಾಗುತ್ತದೆ ಗೊತ್ತಾ? ಡಾಟ್ ಕಾಂ ಅವಧಿ ಮುಗಿದ ಮೇಲೆ 45 ದಿನಗಳವರೆಗೆ ಅದನ್ನು ಮಾರಿದ ಕಂಪನಿ ಕಾಯಬಹುದು, ಕಾಯಲೇಬೇಕೆಂದಿಲ್ಲ. ಅಳಿಸಿದರೆ ಮುಂದಿನ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಅದಾದ ಮೇಲೆ 5 ದಿನ ಯಾರಿಗೂ ಸಿಗುವುದಿಲ್ಲ. ನಂತರ ಮೊದಲು ಬಂದವರ ಪಾಲು. ಎಷ್ಟೋ ಹೆಸರುಗಳು ಅದಕ್ಕೂ ಮೊದಲೇ ಹರಾಜಾಗುತ್ತವೆ. ಹಳೆ ಶಾಲೆಯ ಸೈಟು ತೆರೆದರೆ ರಮ್ಮಿ ಆಟ ಕಾಣಿಸುವುದು ಹೀಗೆಯೇ. ಆಟೋ ರಿನ್ಯೂವಲ್ ಹಾಕಿಡಿ. ಖಾತೆಯಲ್ಲಿರುವ ಫೋನ್ ನಂಬರ್ ಸೈಟು ಮಾಡಿಕೊಟ್ಟ ಹುಡುಗನದ್ದೋ ನಿಮ್ಮದೋ ಅಂತಲೂ ನೋಡಿಕೊಳ್ಳಿ.

ನೀವು ಏನನ್ನೂ ಹಾಕದೆಯೇ ನಿಮ್ಮ ಸೈಟು ಎಲ್ಲಿಗೋ ತಿರುಗುತ್ತಿದ್ದರೆ ಅದು ಹ್ಯಾಕ್ ಆಗಿರುವ ಲಕ್ಷಣ. ಕೆಲವು ಸಲ ಗೂಗಲ್ ಮೂಲಕ ಫೋನಿನಲ್ಲಿ ಬಂದವರಿಗೆ ಮಾತ್ರ ಹಾಗಾಗುತ್ತದೆ. ವಿಳಾಸ ನೇರವಾಗಿ ಟೈಪ್ ಮಾಡುವ ಮಾಲೀಕರಿಗೆ ಎಲ್ಲ ಸರಿಯಾಗೇ ಕಾಣುತ್ತದೆ. ಗಿರಾಕಿ ದೂರಿದರೆ ಅವರಂತೆಯೇ ಫೋನಿನಲ್ಲಿ ಹುಡುಕಿ ನೋಡಿ. ನಿಜವಾದರೆ ಮೊದಲು ಹೋಸ್ಟಿಂಗ್‌ನವರಿಗೆ ಹೇಳಿ ಹ್ಯಾಕ್ ಆಗುವ ಮುಂಚಿನ ಬ್ಯಾಕಪ್‌ನಿಂದ ಸೈಟು ಮರಳಿ ತರಿಸಿ, ಆಮೇಲೆ ಪ್ಲಗಿನ್‌ಗಳನ್ನು (ಸೈಟಿಗೆ ಸೇರಿಸಿಕೊಂಡ ಪುಟ್ಟ ಪ್ರೋಗ್ರಾಂಗಳು) ಅಪ್‌ಡೇಟ್ ಮಾಡಿ, ಎಲ್ಲ ಪಾಸ್‌ವರ್ಡ್ ಬದಲಿಸಿ.