ಫ್ರಂಟ್‌ಎಂಡ್ ಕಲಿಕೆ: ರಿಯಾಕ್ಟ್‌ಗಿಂತ ಮೊದಲು ಬ್ರೌಸರ್

ಫ್ರಂಟ್‌ಎಂಡ್, ಅಂದರೆ ವೆಬ್‌ಸೈಟಿನಲ್ಲಿ ಬಳಕೆದಾರರ ಕಣ್ಣಿಗೆ ಕಾಣುವ ಭಾಗವನ್ನು ಕಟ್ಟುವ ಕೆಲಸಕ್ಕೆ ಏನೇನು ಬರಬೇಕು ಎಂದು ಹುಡುಕಿದರೆ ಮೂವತ್ತು ನಲವತ್ತು ಹೆಸರುಗಳ ಪಟ್ಟಿ ಸಿಗುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಮೊದಲ ಆರು ತಿಂಗಳಿಗೆ ಬೇಡ. ನಾನು ಹಿಡಿದ ಕ್ರಮ ಇಷ್ಟೇ: ದಿನಕ್ಕೆ ಎರಡು ಗಂಟೆಯ ಲೆಕ್ಕದಲ್ಲಿ ಪುಟದ ರಚನೆ ಬರೆಯುವ ಎಚ್‌ಟಿಎಂಎಲ್‌ಗೆ 2 ವಾರ, ಅದರ ರೂಪ ನಿರ್ಧರಿಸುವ ಸಿಎಸ್‌ಎಸ್‌ಗೆ 6 ವಾರ, ಅದಕ್ಕೆ ಚಲನೆ ಕೊಡುವ ಜಾವಾಸ್ಕ್ರಿಪ್ಟ್‌ಗೆ 3 ತಿಂಗಳು, ಆಮೇಲೆ ಜಾವಾಸ್ಕ್ರಿಪ್ಟ್‌ನಲ್ಲಿ ತೆರೆಗಳನ್ನು ಕಟ್ಟುವ ಲೈಬ್ರರಿ ರಿಯಾಕ್ಟ್. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಮಾತ್ರ ಮೊದಲ ದಿನದಿಂದಲೇ ಜೊತೆಗಿರಬೇಕು. ಪ್ರತಿ ಹಂತದಲ್ಲೂ ಕೇಳಿಕೊಳ್ಳಬೇಕಾದದ್ದು ಒಂದೇ: ಕೆಟ್ಟು ನಿಂತಾಗ, ಯಾಕೆ ಕೆಟ್ಟಿತು ಎಂದು ಹೇಳಲು ನನಗೆ ಬರುತ್ತದೆಯೇ?

ಎಚ್‌ಟಿಎಂಎಲ್ ಸುಲಭ ಎಂದು ಹಾರಿಸಿಕೊಂಡು ಹೋದವರು ಸಿಕ್ಕಿಬೀಳುವುದು ಬಟನ್‌ನಲ್ಲಿ. ಡಿವ್ (ತನ್ನದೇ ಅರ್ಥವಿಲ್ಲದ ಬರಿ ಪೆಟ್ಟಿಗೆಯ ಟ್ಯಾಗ್) ಒಂದಕ್ಕೆ ಕ್ಲಿಕ್ ಜೋಡಿಸಿದರೆ ಮೌಸ್‌ನಲ್ಲಿ ಕೆಲಸ ಮಾಡುತ್ತದೆ. ಆದರೆ ಟ್ಯಾಬ್ ಕೀಲಿಯಲ್ಲಿ ಹೋದರೆ ಫೋಕಸ್ ಅಲ್ಲಿ ನಿಲ್ಲುವುದಿಲ್ಲ, ಎಂಟರ್ ಒತ್ತಿದರೂ ಸ್ಪೇಸ್ ಒತ್ತಿದರೂ ಏನೂ ಆಗುವುದಿಲ್ಲ, ಕಣ್ಣು ಕಾಣದವರಿಗೆ ತೆರೆಯನ್ನು ಓದಿಹೇಳುವ ಸ್ಕ್ರೀನ್ ರೀಡರ್ ಅದನ್ನು ಬಟನ್ ಎಂದು ಓದುವುದೂ ಇಲ್ಲ. ಬಟನ್ ಟ್ಯಾಗ್ ಬಳಸಿದರೆ ಇವೆಲ್ಲ ಪುಕ್ಕಟೆ. ಅದರಲ್ಲೂ ಒಂದು ಗುಟ್ಟಿದೆ: ಫಾರ್ಮ್ ಒಳಗಿನ ಬಟನ್‌ಗೆ ಟೈಪ್ ಕೊಡದಿದ್ದರೆ ಅದು ಸಬ್‌ಮಿಟ್ ಬಟನ್ ಆಗಿಬಿಡುತ್ತದೆ. ‘ಪಾಸ್‌ವರ್ಡ್ ತೋರಿಸು’ ಒತ್ತಿದರೆ ಪುಟವೇ ರೀಲೋಡ್ ಆಗುವುದು ಇದರಿಂದ. ಪ್ರತಿ ಇನ್‌ಪುಟ್‌ಗೂ (ಬಳಕೆದಾರರು ತುಂಬುವ ಖಾನೆಗೂ) ಲೇಬಲ್ ಬೇಕು. ಖಾನೆಯೊಳಗೆ ಮಸುಕಾಗಿ ಕಾಣುವ ಪ್ಲೇಸ್‌ಹೋಲ್ಡರ್ ಲೇಬಲ್ ಅಲ್ಲ, ಟೈಪ್ ಮಾಡಲು ಶುರುಮಾಡಿದ ಕೂಡಲೇ ಅದು ಮಾಯ. ಒಟಿಪಿಗೆ ನಂಬರ್ ಟೈಪ್ ಹಾಕಬೇಡಿ, ಅದು ಲೆಕ್ಕದ ಸಂಖ್ಯೆಯಲ್ಲ. ಟೆಕ್ಸ್ಟ್ ಟೈಪ್ ಇಟ್ಟು ಇನ್‌ಪುಟ್‌ಮೋಡ್ ನ್ಯೂಮೆರಿಕ್ ಎಂದು ಕೊಟ್ಟರೆ ಮೊಬೈಲಿನಲ್ಲಿ ಅಂಕಿಗಳ ಕೀಬೋರ್ಡ್ ತಾನಾಗಿ ಬರುತ್ತದೆ.

ಸಿಎಸ್‌ಎಸ್‌ಗೆ ಆರು ವಾರ ಏಕೆ? ಗುಣಗಳ ಹೆಸರು ಎಷ್ಟು ಬಾಯಿಪಾಠ ಮಾಡಿದರೂ ಲೇಔಟ್ ಒಡೆದಾಗ ಅದು ನೆರವಿಗೆ ಬರುವುದಿಲ್ಲ. ಬ್ರೌಸರ್ ಅಳತೆಯನ್ನು ಹೇಗೆ ಲೆಕ್ಕ ಹಾಕುತ್ತದೆ ಎಂಬುದು ತಲೆಗೆ ಹೋಗಬೇಕು. ಒಂದು ಪೆಟ್ಟಿಗೆಗೆ 300 ಪಿಕ್ಸೆಲ್ ಅಗಲ, ಸುತ್ತಲೂ 20 ಪಿಕ್ಸೆಲ್ ಪ್ಯಾಡಿಂಗ್ (ಒಳ ಅಂಚಿನ ಖಾಲಿ ಜಾಗ), 1 ಪಿಕ್ಸೆಲ್ ಬಾರ್ಡರ್ ಕೊಟ್ಟಿದ್ದೀರಿ ಅನ್ನಿ. ತೆರೆಯ ಮೇಲೆ ಅದು ಹಿಡಿಯುವ ಜಾಗ 342 ಪಿಕ್ಸೆಲ್. ಬಾಕ್ಸ್-ಸೈಜಿಂಗ್ ಅನ್ನು ಬಾರ್ಡರ್-ಬಾಕ್ಸ್ ಮಾಡಿದರೆ ಸರಿಯಾಗಿ 300ಕ್ಕೆ ನಿಲ್ಲುತ್ತದೆ. ಹಾಗಾಗಿ ಯಾವುದೇ ಸ್ಟೈಲ್ ಫೈಲಿನ ಮೊದಲ ಸಾಲಲ್ಲಿ ಅದನ್ನು ಎಲ್ಲಕ್ಕೂ ಅನ್ವಯಿಸಿಯೇ ನಾನು ಮುಂದೆ ಹೋಗುವುದು.

ಇನ್ನೊಂದು ತೊಡಕು ಫ್ಲೆಕ್ಸ್‌ಬಾಕ್ಸ್‌ನದು, ಅಂದರೆ ಅಂಶಗಳನ್ನು ಸಾಲಾಗಿ ಜೋಡಿಸುವ ಸಿಎಸ್‌ಎಸ್ ವಿಧಾನದ್ದು. ಫ್ಲೆಕ್ಸ್ ಒಳಗಿನ ಅಂಶದ ಕನಿಷ್ಠ ಅಗಲ ಮೊದಲಿಗೆ ‘ಆಟೊ’ ಆಗಿರುತ್ತದೆ. ಅಂದರೆ ತನ್ನೊಳಗಿನ ಅತಿ ಉದ್ದದ ಪದಕ್ಕಿಂತ ಕಿರಿದಾಗಲು ಅದು ಒಪ್ಪುವುದಿಲ್ಲ. ಉದ್ದನೆಯ ಇಮೇಲ್ ವಿಳಾಸವೊಂದು ಬಂದರೆ ಇಡೀ ಸಾಲು ಬಲಕ್ಕೆ ಉಬ್ಬಿ, ಪುಟಕ್ಕೆ ಅಡ್ಡ ಸ್ಕ್ರೋಲ್ ಬರುತ್ತದೆ. ಆ ಅಂಶಕ್ಕೆ ಮಿನ್-ವಿಡ್ತ್ 0 ಕೊಟ್ಟು, ಪದ ಮುರಿಯಲು ಓವರ್‌ಫ್ಲೋ-ರ‍್ಯಾಪ್ ಸೇರಿಸಿದರೆ ಸರಿಹೋಗುತ್ತದೆ. ಅಡ್ಡ ಸ್ಕ್ರೋಲ್‌ಗೆ ಕಾರಣ ಯಾವುದೆಂದು ತಿಳಿಯದಿದ್ದರೆ ಎಲ್ಲ ಅಂಶಗಳಿಗೂ 1 ಪಿಕ್ಸೆಲ್ ಕೆಂಪು ಔಟ್‌ಲೈನ್ ಹಾಕಿ ನೋಡಿ, ಹೊರಗೆ ಚಾಚಿಕೊಂಡದ್ದು ತಾನೇ ಕಾಣುತ್ತದೆ. ಬಾರ್ಡರ್ ಬೇಡ, ಅದು ಅಳತೆಯನ್ನೇ ಬದಲಿಸುತ್ತದೆ, ಔಟ್‌ಲೈನ್ ಬದಲಿಸುವುದಿಲ್ಲ.

ಯಾವುದು ಮೇಲೆ ಕಾಣಬೇಕೆಂದು ಹೇಳುವ ಝಡ್-ಇಂಡೆಕ್ಸ್ 9999 ಕೊಟ್ಟರೂ ಮೆನು ಹಿಂದೆಯೇ ಅಡಗುತ್ತದೆ ಎಂಬುದು ಎಲ್ಲರ ಗೋಳು. ಮೆನುವನ್ನು ಒಳಗಿಟ್ಟುಕೊಂಡ ತಂದೆ ಅಂಶಕ್ಕೆ ಟ್ರಾನ್ಸ್‌ಫಾರ್ಮ್ (ಸರಿಸುವ, ತಿರುಗಿಸುವ ಗುಣ) ಇದ್ದರೆ, ಅಥವಾ 1ಕ್ಕಿಂತ ಕಡಿಮೆ ಓಪಾಸಿಟಿ ಇದ್ದರೆ, ಅಲ್ಲೊಂದು ಬೇರೆ ಅಡುಕು (ಪದರಗಳ ಪ್ರತ್ಯೇಕ ಗುಂಪು) ಹುಟ್ಟುತ್ತದೆ. ಒಳಗಿನ ಅಂಕಿ ಎಷ್ಟೇ ದೊಡ್ಡದಿರಲಿ, ಪೈಪೋಟಿ ಆ ಅಡುಕಿನೊಳಗೆ ಮಾತ್ರ. ಅಂಕಿಗೆ ಇನ್ನೊಂದು 9 ಸೇರಿಸುವ ಬದಲು ಮೇಲಿನ ಅಂಶವನ್ನು ನೋಡಿ.

ಮೊಬೈಲಿನ ವಿಷಯದಲ್ಲಿ ಪುಟವನ್ನು ಫೋನಿನ ಅಗಲಕ್ಕೆ ಹೊಂದಿಸುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಮರೆತರೆ ಫೋನಿನ ಬ್ರೌಸರ್ ಪುಟವನ್ನು ಸಾಮಾನ್ಯವಾಗಿ 980 ಪಿಕ್ಸೆಲ್ ಅಗಲವೆಂದು ಬಗೆದು ಕುಗ್ಗಿಸಿ ತೋರಿಸುತ್ತದೆ. ತೆರೆಯ ಅಗಲಕ್ಕೆ ತಕ್ಕಂತೆ ಸ್ಟೈಲ್ ಬದಲಿಸಲು ಮೀಡಿಯಾ ಕ್ವೆರಿ ಬರೆದದ್ದೆಲ್ಲ ದಂಡ. ಐಫೋನಿನ ಸಫಾರಿಯಲ್ಲಿ ಇನ್‌ಪುಟ್‌ನ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ, ಮುಟ್ಟಿದ ಕೂಡಲೇ ಪುಟ ಜೂಮ್ ಆಗುತ್ತದೆ. ನಾನು ಪರೀಕ್ಷಿಸುವ ಅಗಲಗಳು 320, 360, 768, 1280. ಕನ್ನಡ ಪಠ್ಯ ಇರುವ ಪುಟವಾದರೆ ಲೈನ್-ಹೈಟ್ (ಸಾಲಿನ ಎತ್ತರ) 1 ಇಟ್ಟು, ಹೊರಚಾಚಿದ್ದನ್ನು ಮರೆಮಾಡುವ ಓವರ್‌ಫ್ಲೋ ಹಿಡನ್ ಮಾಡಿ ನೋಡಿ: ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ. 1.6ರ ಆಸುಪಾಸು ಇಟ್ಟರೆ ಕ್ಷೇಮ.

ಜಾವಾಸ್ಕ್ರಿಪ್ಟ್‌ಗೆ ಬರೋಣ. 1995ರಲ್ಲಿ ಹತ್ತು ದಿನಗಳಲ್ಲಿ ಮೊದಲ ರೂಪ ಪಡೆದ ಭಾಷೆ. ಆ ಅವಸರದ ಗುರುತುಗಳು ಇನ್ನೂ ಉಳಿದಿವೆ. 10, 9, 1 ಇರುವ ಅರೇಗೆ (ಮೌಲ್ಯಗಳ ಪಟ್ಟಿಗೆ) ಸುಮ್ಮನೆ ಸಾರ್ಟ್ ಎಂದರೆ 1, 10, 9 ಬರುತ್ತದೆ, ಏಕೆಂದರೆ ಅದು ಎಲ್ಲವನ್ನೂ ಪಠ್ಯವೆಂದು ಹೋಲಿಸುತ್ತದೆ. ಇನ್‌ಪುಟ್‌ನ ಮೌಲ್ಯವೂ ಯಾವಾಗಲೂ ಪಠ್ಯವೇ: 5 ಮತ್ತು 3 ಕೂಡಿಸಿದರೆ 53. ‘ಕ್ಷಿ’ ಎಂಬ ಒಂದೇ ಅಕ್ಷರದ ಲೆಂತ್ ಕೇಳಿದರೆ 4 ಎನ್ನುತ್ತದೆ. ಆದ್ದರಿಂದ ಕನ್ನಡ ಪಠ್ಯವನ್ನು ‘ಮೊದಲ 50 ಅಕ್ಷರ’ ಎಂದು ಸ್ಲೈಸ್ ಮಾಡಿದರೆ ಅಕ್ಷರ ನಡುವೆ ತುಂಡಾಗಬಹುದು.

ಕಲಿಯುವವರು ಹೆಚ್ಚು ಹೊತ್ತು ಕೂರಬೇಕಾದದ್ದು ಅಸಿಂಕ್ ಮೇಲೆ, ಅಂದರೆ ಕೂಡಲೇ ಮುಗಿಯದೆ ಉತ್ತರಕ್ಕೆ ಕಾಯಬೇಕಾದ ಕೆಲಸಗಳ ಮೇಲೆ. ಸಂದರ್ಶನಗಳಲ್ಲಿಯೂ ಜರಡಿ ಹಿಡಿಯುವುದು ಇಲ್ಲೇ. ಸೆಟ್‌ಟೈಮ್‌ಔಟ್ 0 (ಸೊನ್ನೆ ತಡದ ಟೈಮರ್) ಮತ್ತು ಆಗಲೇ ಈಡೇರಿದ ಪ್ರಾಮಿಸ್‌ನ (ಫಲಿತಾಂಶ ಕೊಡುವೆನೆಂಬ ಮಾತಿನ) ದೆನ್ ಎರಡೂ ಇದ್ದರೆ ಯಾವುದು ಮೊದಲು ಓಡುತ್ತದೆ? ಪ್ರಾಮಿಸ್‌ನದು, ಕೈಯಲ್ಲಿರುವ ಕೋಡ್ ಮುಗಿದ ಕೂಡಲೇ ಮೈಕ್ರೊಟಾಸ್ಕ್‌ಗಳ (ಪ್ರಾಮಿಸ್‌ನಂಥ ತುರ್ತು ಕೆಲಸಗಳ) ಸಾಲು ಖಾಲಿಯಾಗಿ, ಆಮೇಲಷ್ಟೇ ಟೈಮರ್‌ನ ಸರದಿ. ಸರ್ವರ್‌ನಿಂದ ಮಾಹಿತಿ ತರಿಸುವ ಫೆಚ್ ಕೂಡ ಮೋಸಮಾಡುತ್ತದೆ: ಸರ್ವರ್ 404 (ಸಿಗಲಿಲ್ಲ) ಅಥವಾ 500 (ಸರ್ವರ್ ದೋಷ) ಕಳಿಸಿದರೂ ಅದರ ಪಾಲಿಗೆ ಅದು ಯಶಸ್ಸೇ, ಉತ್ತರ ಬಂತಲ್ಲ! ಎರರ್ ಹಿಡಿಯುವ ಕ್ಯಾಚ್‌ಗೆ ಹೋಗುವುದು ನೆಟ್‌ವರ್ಕ್ ಕಡಿದಾಗ ಅಥವಾ ಬ್ರೌಸರ್ ತಡೆದಾಗ. ಆದ್ದರಿಂದ ಉತ್ತರದ ‘ಓಕೆ’ ಗುಣವನ್ನು ನೋಡಿಯೇ ಜೇಸನ್ (ಉತ್ತರದಲ್ಲಿನ ಮಾಹಿತಿ) ಓದಬೇಕು.

ಹುಡುಕು ಪೆಟ್ಟಿಗೆಯೊಂದನ್ನು ಸ್ವತಃ ಕಟ್ಟಿ, ಅರ್ಧ ಪಾಠ ಅದರಲ್ಲೇ ಇದೆ. ಪ್ರತಿ ಕೀಲಿಗೂ ಸರ್ವರ್‌ಗೆ ಕೋರಿಕೆ ಹೋಗಬಾರದು, ಸುಮಾರು 300 ಮಿಲಿಸೆಕೆಂಡ್ ಬಿಡುವು ಕಂಡ ಮೇಲೆ ಹೋಗಬೇಕು. ಅದು ಡಿಬೌನ್ಸ್. ಅಷ್ಟಾದರೂ ‘ಮಾವು’ ಎಂಬುದಕ್ಕೆ ಕಳಿಸಿದ ಕೋರಿಕೆಯ ಉತ್ತರ ಬಂದ ಮೇಲೆ, ಹಿಂದೆ ಕಳಿಸಿದ್ದ ‘ಮಾ’ದ ಉತ್ತರ ತಡವಾಗಿ ಬಂದು ಪಟ್ಟಿಯನ್ನು ತಿದ್ದಿಬಿಡಬಹುದು. ಹೊಸ ಕೋರಿಕೆ ಹೊರಡುವಾಗ ಹಳೆಯದನ್ನು ಅಬಾರ್ಟ್‌ಕಂಟ್ರೋಲರ್‌ನಿಂದ ರದ್ದು ಮಾಡಬೇಕು. ಫಲಿತಾಂಶವನ್ನು ಟ್ಯಾಗ್‌ಗಳಾಗಿ ಓದುವ ಇನ್ನರ್‌ಎಚ್‌ಟಿಎಂಎಲ್‌ಗೆ ತುರುಕದೆ ಬರಿಯ ಪಠ್ಯವಾಗಿ ತೋರಿಸುವ ಟೆಕ್ಸ್ಟ್‌ಕಂಟೆಂಟ್‌ಗೆ ಕೊಡಬೇಕು, ಇಲ್ಲದಿದ್ದರೆ ಬೇರೆಯವರು ಬರೆದಿಟ್ಟ ಕೋಡ್ ನಿಮ್ಮ ಪುಟದಲ್ಲಿ ಓಡುತ್ತದೆ. ಜೊತೆಗೆ ನಾಲ್ಕು ಸ್ಥಿತಿ ತೋರಿಸಬೇಕು: ಲೋಡ್ ಆಗುತ್ತಿದೆ, ಸಿಕ್ಕಿತು, ಏನೂ ಸಿಗಲಿಲ್ಲ, ಎರರ್ ಬಂತು. ಹತ್ತು ಟುಡು ಪಟ್ಟಿ ಮಾಡುವುದಕ್ಕಿಂತ ಇಂಥದ್ದೊಂದು ಪೂರ್ತಿ ಮಾಡಿದ್ದು ಮೇಲು.

ಬ್ರೌಸರಿನೊಳಗಿನ ತಪಾಸಣೆಯ ಸಾಧನಗಳಾದ ಡೆವ್‌ಟೂಲ್ಸ್ ಬಳಕೆಯನ್ನು ಯಾರೂ ಪಾಠವಾಗಿ ಹೇಳಿಕೊಡುವುದಿಲ್ಲ, ಆದರೆ ದಿನದ ಅರ್ಧ ಕೆಲಸ ಅದರಲ್ಲೇ. ಕನ್ಸೋಲ್‌ನಲ್ಲಿ ಆಬ್ಜೆಕ್ಟ್ ಮುದ್ರಿಸಿ, ಬಾಣದ ಗುರುತು ಒತ್ತಿ ಬಿಡಿಸಿದರೆ ಕಾಣುವುದು ಬಿಡಿಸಿದ ಕ್ಷಣದ ಮೌಲ್ಯ, ಮುದ್ರಿಸಿದ ಕ್ಷಣದ್ದಲ್ಲ. ಇದು ತಿಳಿಯದೆ ಗಂಟೆಗಟ್ಟಲೆ ತಡಕಾಡುವವರಿದ್ದಾರೆ. ಕೋಡನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸುವ ಬ್ರೇಕ್‌ಪಾಯಿಂಟ್ ಹಾಕುವುದು ಕಲಿಯಿರಿ. ಕೋರ್ಸ್ (CORS) ಎರರ್, ಅಂದರೆ ಬೇರೆ ಸೈಟಿನ ಉತ್ತರ ಓದಲು ಬ್ರೌಸರ್ ಬಿಡದ ಎರರ್, ಬಂದರೆ ಫ್ರಂಟ್‌ಎಂಡ್‌ನಲ್ಲಿ ಹೆಡರ್ ತಿದ್ದುತ್ತ ಕೂರಬೇಡಿ. ಅನುಮತಿಯ ಹೆಡರ್ ಬರಬೇಕಾದದ್ದು ಸರ್ವರ್‌ನಿಂದ.

ರಿಯಾಕ್ಟ್ 2013ರಲ್ಲಿ ಹೊರಬಂದದ್ದು, ಇಂದಿಗೂ ಕೆಲಸದ ಜಾಹೀರಾತುಗಳಲ್ಲಿ ಹೆಚ್ಚಾಗಿ ಕಾಣುವ ಹೆಸರು. ಜಾವಾಸ್ಕ್ರಿಪ್ಟ್ ಗಟ್ಟಿಯಿದ್ದರೆ ಒಂದೂವರೆ ತಿಂಗಳ ಕೆಲಸ. ತಪ್ಪುಗಳು ಬಹುತೇಕ ಮೂರು ಕಡೆ. ಸ್ಟೇಟ್‌ನಲ್ಲಿರುವ (ತೆರೆಗಾಗಿ ರಿಯಾಕ್ಟ್ ನೆನಪಿಟ್ಟುಕೊಳ್ಳುವ ಮಾಹಿತಿಯಲ್ಲಿರುವ) ಅರೇಗೆ ನೇರವಾಗಿ ಪುಶ್ ಮಾಡಿದರೆ ತೆರೆ ಬದಲಾಗುವುದಿಲ್ಲ, ಅರೇ ಹಳೆಯದೇ ಎಂದು ರಿಯಾಕ್ಟ್ ಬಗೆಯುತ್ತದೆ. ಹೊಸ ಅರೇ ಕೊಡಬೇಕು. ಪಟ್ಟಿಯ ಪ್ರತಿ ಸಾಲನ್ನು ಗುರುತಿಸುವ ಕೀ ಆಗಿ ಇಂಡೆಕ್ಸ್ (ಸಾಲಿನ ಕ್ರಮಸಂಖ್ಯೆ) ಕೊಟ್ಟರೆ, ನಡುವಿನ ಸಾಲು ಅಳಿಸಿದಾಗ ಇನ್‌ಪುಟ್‌ನಲ್ಲಿ ಬರೆದದ್ದು ಪಕ್ಕದ ಸಾಲಿಗೆ ಜಾರುತ್ತದೆ. ತೆರೆ ಮೂಡಿದ ಮೇಲೆ ಓಡುವ ಯೂಸ್‌ಎಫೆಕ್ಟ್ ಒಳಗೆ ಪ್ರತಿಸಲ ಹೊಸ ಮೌಲ್ಯಕ್ಕೆ ಸ್ಟೇಟ್ ಬದಲಿಸಿ, ಅವಲಂಬನೆಗಳ ಅರೇ ಬಿಟ್ಟರೆ ಕೊನೆಯಿಲ್ಲದ ಸುತ್ತು. ಜಾವಾಸ್ಕ್ರಿಪ್ಟ್‌ಗೆ ಟೈಪ್‌ಗಳನ್ನು ಸೇರಿಸುವ ಟೈಪ್‌ಸ್ಕ್ರಿಪ್ಟ್ ಆಮೇಲೆ ಕಲಿತರಾಯಿತು.

ಗಿಟ್‌ನಲ್ಲಿ ಆರಂಭಕ್ಕೆ ಕಮಿಟ್ (ಬದಲಾವಣೆ ದಾಖಲಿಸುವುದು), ಬ್ರ್ಯಾಂಚ್ (ಕವಲು ಮಾಡುವುದು), ಮರ್ಜ್ (ಕವಲು ಸೇರಿಸುವುದು), ಕಾನ್‌ಫ್ಲಿಕ್ಟ್ (ಬದಲಾವಣೆಗಳ ಘರ್ಷಣೆ) ಬಿಡಿಸುವುದು ಬಂದರೆ ಸಾಕು. ಒಂದು ಎಚ್ಚರ: ಪಾಸ್‌ವರ್ಡಿನಂಥ ರಹಸ್ಯ ಕೀ ಕಮಿಟ್ ಆಗಿಬಿಟ್ಟರೆ ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಅದು ಇತಿಹಾಸದಲ್ಲಿ ಉಳಿದಿರುತ್ತದೆ. ಕೂಡಲೇ ಆ ಕೀಯನ್ನೇ ರದ್ದು ಮಾಡಿ ಹೊಸದು ಪಡೆಯಿರಿ.

ಮಾಡಿದ್ದು ಚೆನ್ನಾಗಿದೆಯೇ ಎಂದು ಅಳೆಯಲು ಕೆಲವು ಅಂಕಿಗಳು ಕೈಯಲ್ಲಿರಲಿ. ಸಾಮಾನ್ಯ ಪಠ್ಯಕ್ಕೂ ಹಿನ್ನೆಲೆಗೂ ನಡುವಿನ ಕಾಂಟ್ರಾಸ್ಟ್ ಕನಿಷ್ಠ 4.5:1, ದೊಡ್ಡ ಪಠ್ಯಕ್ಕೆ 3:1. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ತೆರೆ ಸ್ಪಂದಿಸಬೇಕು, ಲೇಔಟ್ ಜಿಗಿತದ ಅಂಕ 0.1 ಮೀರಬಾರದು. ಚಿತ್ರಗಳಿಗೆ ಅಗಲ ಎತ್ತರ ಕೊಡದಿರುವುದೇ ಈ ಜಿಗಿತಕ್ಕೆ ಸಾಮಾನ್ಯ ಕಾರಣ. ಕೊಟ್ಟರೆ ಚಿತ್ರ ಬರುವ ಮೊದಲೇ ಬ್ರೌಸರ್ ಜಾಗ ಕಾದಿರಿಸುತ್ತದೆ.

ಕೊನೆಗೆ ಆ್ಯಪ್ ಅನ್ನು ಹೋಸ್ಟ್ ಮಾಡಿ (ಅಂತರಜಾಲದ ಸರ್ವರ್‌ನಲ್ಲಿಟ್ಟು), ಲಿಂಕ್ ಕೊಡುವಂತಿರಬೇಕು. ನಿಮ್ಮ ಕಂಪ್ಯೂಟರಿನಲ್ಲಿ ಕಂಡ ಚಿತ್ರ ಅಲ್ಲಿ ಕಾಣದಿದ್ದರೆ ಫೈಲಿನ ಹೆಸರು ನೋಡಿ: ವಿಂಡೋಸ್‌ಗೆ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರ ಒಂದೇ, ಲಿನಕ್ಸ್ ಸರ್ವರ್‌ಗೆ ಬೇರೆ ಬೇರೆ. ರಿಯಾಕ್ಟ್ ಆ್ಯಪ್ ಆದರೆ ಒಳಪುಟವೊಂದಕ್ಕೆ ಹೋಗಿ ರಿಫ್ರೆಶ್ ಒತ್ತಿ. 404 ಬಂದರೆ ಗಾಬರಿ ಬೇಡ: ಆ ವಿಳಾಸದ ಫೈಲ್ ಸರ್ವರ್‌ನಲ್ಲಿ ಇಲ್ಲವೇ ಇಲ್ಲ, ಅದನ್ನು ಬ್ರೌಸರಿನಲ್ಲಿ ಸೃಷ್ಟಿಸುತ್ತಿದ್ದದ್ದು ಆ್ಯಪ್‌ನೊಳಗಿನ ರೌಟರ್ ಕೋಡ್. ಸಿಗದ ವಿಳಾಸಕ್ಕೆಲ್ಲ ಇಂಡೆಕ್ಸ್ ಫೈಲನ್ನೇ ಕಳಿಸುವಂತೆ ಹೋಸ್ಟಿಂಗ್‌ನಲ್ಲಿ ಒಂದು ಸಾಲಿನ ನಿಯಮ ಬರೆದು, ಮತ್ತೆ ರಿಫ್ರೆಶ್ ಮಾಡಿ ನೋಡಿ.