ಆರಿಂಚಿನ ಅಂಚು ಮತ್ತು ನನ್ನ ಎತ್ತರ

ನನ್ನ ಎತ್ತರ 4 ಅಡಿ 10 ಇಂಚು. ತಂಗಿಯ ಮದುವೆಗೆ ಆರಿಂಚು ಜರಿ ಅಂಚಿನ ರೇಷ್ಮೆ ಸೀರೆ ಉಟ್ಟು ನಿಂತಾಗ ಅವ್ವ ಅಂದಿದ್ದಳು: “ಸೀರಿ ಭಾಳ ಚಂದ ಅದ. ಆದ್ರ ನೀನ ಕಾಣವಲ್ಲಿ.” ಬೇಸರವಾಯಿತು. ಫೋಟೊ ಬಂದಮೇಲೆ ನೋಡಿದೆ, ಅವಳ ಮಾತು ನಿಜವೇ ಇತ್ತು.

ಮರುವಾರ ಟೇಪು ಹಿಡಿದು ಕೂತೆ. ಹೊಕ್ಕುಳಿಂದ ನೆಲಕ್ಕೆ 35 ಇಂಚು. ನಾನು ಸೀರೆ ಉಡುತ್ತಿದ್ದುದು ಅದಕ್ಕೂ ಎರಡಿಂಚು ಕೆಳಗೆ, ಅಂದರೆ ಉಳಿದದ್ದು 33. ಅದರಲ್ಲಿ ಅಂಚಿಗೇ 6 ಹೋದರೆ ಸೀರೆಯ ಒಡಲು ಕಾಣುವುದು ಬರೀ 27 ಇಂಚು. ಮೇಲೆ ಹದಿನೈದು ಇಂಚಿನ ಉದ್ದ ರವಿಕೆ, ಅದೂ ಬೇರೆ ಬಣ್ಣದ್ದು. ಮೊಣಕೈತನಕದ ತೋಳಿಗೆ ಮತ್ತೊಂದು ಜರಿ ಪಟ್ಟಿ; ಕೈ ಇಳಿಬಿಟ್ಟರೆ ಅದು ಸರಿಯಾಗಿ ಸೊಂಟದ ಮಟ್ಟಕ್ಕೆ ಬರುತ್ತಿತ್ತು. ನೋಡುವವರ ಕಣ್ಣಿಗೆ ರವಿಕೆ, ತೋಳು, ಅಂಚು ಹೀಗೆ ಮೂರು ಕಡೆ ತಡೆ; ಅದಕ್ಕೇ ಇನ್ನೂ ಗಿಡ್ಡ ಕಾಣುತ್ತಿದ್ದೆ.

ಮೊದಲು ಬದಲಿಸಿದ್ದು ಲಂಗ. ಲಾಡಿ ಕಟ್ಟಿದ ಕಡೆ ಸುಕ್ಕು ಗುಪ್ಪೆಯಾಗದ ಹಾಗೆ, ಸೊಂಟಕ್ಕೆ ಅಂಟಿ ಕೂರುವಂಥದ್ದು ಹೊಲಿಸಿದೆ. ಹೊಕ್ಕುಳ ಮಟ್ಟಕ್ಕೇ ಕಟ್ಟಿದೆ. ನನ್ನಂಥವರ ನಿಜವಾದ ಕಷ್ಟ ಇರುವುದು ಇಲ್ಲಿ: ಸೀರೆಯ ಅಗಲ ಸುಮಾರು 46 ಇಂಚು, ನನಗೆ ಬೇಕಾದದ್ದು 35. ಮಿಕ್ಕ ಹನ್ನೊಂದು ಇಂಚನ್ನು ಮುದ್ದೆ ಮಾಡಿ ಸಿಕ್ಕಿಸಿದರೆ ಹೊಟ್ಟೆ ಉಬ್ಬಿ ಕಾಣುತ್ತದೆ. ಈಗ ಅದನ್ನು ಲಂಗದೊಳಗೆ ನೇರವಾಗಿ ಇಳಿಬಿಟ್ಟು, ಅಂಗೈಯಿಂದ ಎರಡೂ ಬದಿಗೆ ಸವರಿಬಿಡುತ್ತೇನೆ. ಎಂಟು ನೆರಿಗೆಯ ಬದಲು ಆರೇ, ತುಸು ಅಗಲ. ಚಪ್ಪಲಿ ಮೊದಲು ಹಾಕಿಕೊಂಡು ಆಮೇಲೆ ಸೀರೆ ಉಡುವುದು. ಇದನ್ನು ಎಷ್ಟು ಜನ ಮರೆಯುತ್ತಾರೆ! ಅಂಚು ನೆಲ ಸವರುವಂತಿದ್ದರೆ ಕಾಲು ಉದ್ದ ಕಾಣುತ್ತದೆ, ಕಣಕಾಲು ಕಂಡರೆ ಅಲ್ಲೇ ಕಡಿದಂತಾಗುತ್ತದೆ.

ರವಿಕೆಯ ಉದ್ದ 13 ಇಂಚಿಗೆ ಇಳಿಸಿದೆ, ತೋಳು ಮೊಣಕೈಗಿಂತ ಮೂರಿಂಚು ಮೇಲೆ, ಬಣ್ಣ ಸೀರೆಯ ಒಡಲಿನದೇ. ಗಂಜಿ ಹಾಕಿದ ಹತ್ತಿ ಸೀರೆ ನನ್ನ ಮೈಮೇಲೆ ಗುಡಾರದ ಹಾಗೆ ನಿಲ್ಲುತ್ತದೆ, ಮೈಸೂರು ಸಿಲ್ಕಿನ ಕ್ರೇಪ್ ಜಾರಿ ಕೂರುತ್ತದೆ. ಇಳಕಲ್ ಸೀರೆಯನ್ನು ಮಾತ್ರ ಬಿಡಲಾರೆ. ಅದರ ಕೆಂಪು-ಬಿಳಿ ತೋಪ ತೆನಿ ಸೆರಗು ಮಂಡಿಯ ಹಿಂಭಾಗಕ್ಕೆ ಮುಗಿಯುವಂತೆ ಪಿನ್ನು ಹಾಕುತ್ತೇನೆ.

ಅಡ್ಡಗೆರೆ ಗಿಡ್ಡ ಕಾಣಿಸುತ್ತದೆ ಎಂದು ಅಂಗಡಿಯವರೆಲ್ಲ ಹೆದರಿಸಿದ್ದರು. ನವಿರಾದ ಅಡ್ಡಗೆರೆಯ ಸೀರೆ ಉಟ್ಟು ನೋಡಿದೆ, ಏನೂ ಆಗಲಿಲ್ಲ. ಒಂದೇ ಅಳತೆಯ ಎರಡು ಚೌಕಗಳಲ್ಲಿ ಅಡ್ಡಗೆರೆ ತುಂಬಿದ್ದೇ ಎತ್ತರ ಕಾಣುತ್ತದೆ ಎಂದು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಹಾಗಾಗಿ ಯಾರ ಮಾತನ್ನೂ ಕೇಳದೆ ಫೋಟೊ ತೆಗೆದು ನೋಡುವುದೇ ನನ್ನ ಪದ್ಧತಿ. ಫೋನನ್ನು ಸೊಂಟದೆತ್ತರದ ಸ್ಟೂಲಿನ ಮೇಲಿಟ್ಟು, ಎಂಟು ಅಡಿ ದೂರ ನಿಲ್ಲುತ್ತೇನೆ. ಮೇಲಿಂದ ತೆಗೆದರೆ ಯಾರ ಕಾಲಾದರೂ ಗಿಡ್ಡವೇ.

ಮದುವೆಯ ಆ ಸೀರೆಯನ್ನು ಯಾರಿಗೂ ಕೊಟ್ಟಿಲ್ಲ. ಒಡಲಿನ ಬಣ್ಣದ ಗಿಡ್ಡ ರವಿಕೆ ಹೊಲಿಸಿ ಈಗಲೂ ಉಡುತ್ತೇನೆ. ಅಂಚು ಅಷ್ಟೇ ದೊಡ್ಡದಿದೆ, ತಡೆ ಮಾತ್ರ ಈಗ ಅದೊಂದೇ.